ಒಂದೇ ಮನೆ, ಎರಡು ಕಂಪ್ಯೂಟರ್: ಕಡತ ಏಕೆ ತಲುಪುವುದಿಲ್ಲ?



ಒಂದೇ ಮನೆಯಲ್ಲಿ ಎರಡು ಕಂಪ್ಯೂಟರ್‌ಗಳಿವೆ ಎಂದುಕೊಳ್ಳಿ. ಅವುಗಳ ನಡುವೆ ಇರುವುದು ಒಂದು ಗೋಡೆ, ಹೆಚ್ಚೆಂದರೆ ಹತ್ತು ಹೆಜ್ಜೆಯ ದೂರ. ಎರಡಕ್ಕೂ ಇಂಟರ್‌ನೆಟ್ ಸಂಪರ್ಕವಿದೆ. ಸಾವಿರಾರು ಮೈಲಿ ದೂರದ ಚಿತ್ರವೊಂದು ಕ್ಷಣಾರ್ಧದಲ್ಲಿ ಎರಡರ ಪರದೆಯ ಮೇಲೂ ಮೂಡುತ್ತದೆ. ಆದರೆ ನಡುಮನೆಯ ಕಂಪ್ಯೂಟರಿನಲ್ಲಿರುವ ಒಂದು ಕಡತವನ್ನು, ಅಂದರೆ ಫೈಲನ್ನು, ಒಳಕೋಣೆಯ ಲ್ಯಾಪ್‌ಟಾಪಿನಲ್ಲಿ ತೆರೆಯಲು ಹೋದರೆ ‘ಸಾಧ್ಯವಿಲ್ಲ’ ಎಂಬ ಸಂದೇಶ ಬರುತ್ತದೆ. ಏಕೆ ಸಾಧ್ಯವಿಲ್ಲ ಎಂಬುದನ್ನು ಮಾತ್ರ ಅದು ಸರಿಯಾಗಿ ಹೇಳುವುದಿಲ್ಲ.

ಇಂಥ ವಿಷಯವನ್ನು ಅರ್ಧ ಗಂಟೆಯ ಸಂವಾದದಲ್ಲಿ ಬಾಯಿಮಾತಿನಲ್ಲಿ ಹೇಳಿ ಮುಗಿಸುವುದು ಕಷ್ಟ. ಕಂಪ್ಯೂಟರಿನ ಪಕ್ಕದಲ್ಲಿ ಪುಟವನ್ನು ತೆರೆದಿಟ್ಟುಕೊಂಡು, ಒಂದೊಂದೇ ಹೆಜ್ಜೆ ಮಾಡಿ ನೋಡಬೇಕಾದ ವಿಷಯ ಇದು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ಬೇರೆಲ್ಲೂ ಹೋಗುವುದು ಬೇಡ. ಗೌರಿಬಿದನೂರಿನಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ.

ಮಳೆ ಲೆಕ್ಕದ ಕಡತ

ನಮ್ಮ ಭಾವ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಮನೆಯ ತಾರಸಿಯ ಮೇಲೆ ಒಂದು ಮಳೆಮಾಪಕ ಇಟ್ಟಿದ್ದಾರೆ. ಹವಾಮಾನ ಇಲಾಖೆಯವರ ಪದ್ಧತಿಯಂತೆಯೇ ಪ್ರತಿದಿನ ಬೆಳಿಗ್ಗೆ 8.30ಕ್ಕೆ ನೀರನ್ನು ಅಳೆದು, ಮೊದಲು ನೋಟ್‌ಬುಕ್ಕಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ ಬರೆಯುತ್ತಾರೆ. 2004ರಿಂದ ಈ ಲೆಕ್ಕ ನಡೆದುಬಂದಿದೆ. ಉತ್ತರ ಪಿನಾಕಿನಿ ಹೆಸರಿಗೆ ಊರಿನ ಪಕ್ಕದಲ್ಲೇ ಹರಿದರೂ ವರ್ಷದ ಬಹುಭಾಗ ಮರಳಾಗಿಯೇ ಇರುವ ಸೀಮೆ ಇದು. ಇಲ್ಲಿ ಒಂದು ಹದ ಮಳೆಗೂ ಬೆಲೆಯುಂಟು. ಹಾಗಾಗಿ ಆ ಕಡತವನ್ನು ಮನೆಯವರೆಲ್ಲ ಆಸ್ತಿಯಂತೆ ನೋಡುತ್ತಾರೆ.

ಅಕ್ಕನ ಮಗಳು ಬಿ.ಎಸ್ಸಿ. ಓದುತ್ತಿದ್ದಾಳೆ. ಕಾಲೇಜಿನ ಪ್ರಾಜೆಕ್ಟಿಗೆ ಅಪ್ಪನ ಮಳೆ ಲೆಕ್ಕವನ್ನೇ ಆರಿಸಿಕೊಂಡಳು. ಪೆನ್‌ಡ್ರೈವಿನಲ್ಲಿ ಕಡತವನ್ನು ತನ್ನ ಲ್ಯಾಪ್‌ಟಾಪಿಗೆ ತಂದುಕೊಂಡು, ತಪ್ಪಿದ್ದ ಕೆಲವು ಅಂಕಿಗಳನ್ನು ತಿದ್ದತೊಡಗಿದಳು. ಅತ್ತ ಭಾವ ನಡುಮನೆಯ ಕಂಪ್ಯೂಟರಿನಲ್ಲಿ ಎಂದಿನಂತೆ ದಿನದಿನದ ಮಳೆ ಬರೆಯುತ್ತಲೇ ಇದ್ದರು. ಮೂರು ತಿಂಗಳ ನಂತರ ಅವಳು ತಿದ್ದಿದ ಕಡತವನ್ನು ಪೆನ್‌ಡ್ರೈವಿನಲ್ಲಿ ತಂದು ಹಳೆಯದರ ಮೇಲೆ ಹಾಕಿದಳು. ‘ಈ ಹೆಸರಿನ ಕಡತ ಈಗಾಗಲೇ ಇದೆ, ಬದಲಾಯಿಸಲೇ?’ ಎಂದು ಕಂಪ್ಯೂಟರ್ ಕೇಳಿತು. ‘ಹೌದು’ ಎಂದಳು. ಭಾವ ಬರೆದಿದ್ದ ಮೂರು ತಿಂಗಳ ಮಳೆ ಅಳಿಸಿಹೋಯಿತು!

ಪುಣ್ಯಕ್ಕೆ ನೋಟ್‌ಬುಕ್ಕಿನಲ್ಲಿ ಎಲ್ಲವೂ ಇತ್ತು. ಎರಡು ದಿನ ಕೂತು ಮತ್ತೆ ಬರೆದರು. ಆದರೆ ಅಪ್ಪ ಮಗಳ ನಡುವೆ ಒಂದು ವಾರ ಸರಿಯಾದ ಮಾತಿರಲಿಲ್ಲ.

ಇಲ್ಲಿ ಪೆನ್‌ಡ್ರೈವಿನ ತಪ್ಪೇನೂ ಇಲ್ಲ. ಒಂದು ಕಡತಕ್ಕೆ ಎರಡು ಪ್ರತಿಗಳು ಹುಟ್ಟಿ, ಎರಡೂ ಬೇರೆ ಬೇರೆಯಾಗಿ ಬೆಳೆದವು. ತೊಂದರೆ ಆದದ್ದು ಅದರಿಂದ. ಇದಕ್ಕೆ ಪರಿಹಾರವೆಂದರೆ ಕಡತ ಒಂದೇ ಕಡೆ ಇರಬೇಕು, ಇಬ್ಬರೂ ಅದನ್ನೇ ತೆರೆಯಬೇಕು. ಮನೆಯೊಳಗಿನ ಜಾಲದ ಮೂಲಕ ಕಡತವನ್ನು ಹಂಚಿಕೊಳ್ಳುವುದು ಎಂದರೆ ಇಷ್ಟೇ. ನಾನು ಊರಿಗೆ ಹೋದ ಭಾನುವಾರ ಅಪ್ಪ ಮಗಳು ಇಬ್ಬರೂ ಇದನ್ನೇ ಮಾಡಲು ಹೊರಟು ಸೋತು ಕೂತಿದ್ದರು. “ಮಾಮ, ಆ ಕಂಪ್ಯೂಟರ್ ಇದಕ್ಕೆ ಕಾಣಿಸ್ತಾನೇ ಇಲ್ಲ” ಎಂದಳು ಹುಡುಗಿ.

ಒಂದು ದೋಷವಲ್ಲ, ಐದು ಪ್ರಶ್ನೆ

ಗೌರಿಬಿದನೂರಿಗೆ ಇಂಥ ಕೆಲಸ ಹೊಸದಲ್ಲ. ಭಾಭಾ ಅಣುಸಂಶೋಧನ ಕೇಂದ್ರದ ಭೂಕಂಪನ ಮಾಪನ ಕೇಂದ್ರ ಇಲ್ಲಿ 1965ರಲ್ಲಿ ಆರಂಭವಾಯಿತು. ಹೊಲ, ಗುಡ್ಡಗಳ ನಡುವೆ ಮೈಲಿಗಟ್ಟಲೆ ಉದ್ದಕ್ಕೆ ಎರಡು ಸಾಲಿನಲ್ಲಿ 20 ಕಂಪನಮಾಪಕಗಳನ್ನು ಹೂತು, ಅವುಗಳ ಸಂಕೇತವನ್ನೆಲ್ಲ ಒಂದೇ ಪ್ರಯೋಗಶಾಲೆಗೆ ತಂದು ದಾಖಲಿಸುವ ಏರ್ಪಾಡು ಅದು. ಊರಿನ ಸಮೀಪದ ರೇಡಿಯೋ ದೂರದರ್ಶಕವೂ ಹಾಗೆಯೇ. 1976ರಿಂದ ಕೆಲಸ ಆರಂಭಿಸಿದ ಆ ದೂರದರ್ಶಕದಲ್ಲಿ 1000 ಆಂಟೆನಾಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ಜೋಡಿಸಿದ್ದರು. ಆಕಾಶದಿಂದ ಬರುವ 34.5 ಮೆಗಾಹರ್ಟ್ಸ್ ಅಲೆಗಳನ್ನು ಅವೆಲ್ಲ ಹಿಡಿದು ಒಂದೆಡೆಗೆ ಕಳಿಸಬೇಕಿತ್ತು.

ಇಂಥ ಏರ್ಪಾಡಿನಲ್ಲಿ ಒಂದು ಮೂಲೆಯ ಸಂಕೇತ ಬರಲಿಲ್ಲವೆಂದರೆ ಏನು ಮಾಡಬೇಕು? ಎಲ್ಲವನ್ನೂ ಕಿತ್ತು ಹಾಕುವುದೇ? ಇಲ್ಲ. ಉಪಕರಣ ಸರಿಯಿದೆಯೇ, ತಂತಿ ಸರಿಯಿದೆಯೇ, ಜೋಡಣೆ ಸರಿಯಿದೆಯೇ ಎಂದು ಒಂದು ತುದಿಯಿಂದ ತುಂಡು ತುಂಡಾಗಿ ನೋಡುತ್ತಾ ಬರಬೇಕು. ಮನೆಯ ಎರಡು ಕಂಪ್ಯೂಟರಿಗೂ ಇದೇ ನಿಯಮ. ‘ಕಡತ ಬರುತ್ತಿಲ್ಲ’ ಎಂಬುದು ಒಂದು ದೋಷದ ಹೆಸರಲ್ಲ. ಅದರ ಒಳಗೆ ಐದು ಬೇರೆ ಬೇರೆ ಪ್ರಶ್ನೆಗಳಿವೆ. ಹಾದಿ ಇದೆಯೇ? ಕರೆದರೆ ಓಗೊಡುತ್ತದೆಯೇ? ಬಾಗಿಲು ತೆರೆದಿದೆಯೇ? ಬಂದವರು ಯಾರು? ಬಂದವರಿಗೆ ಏನು ಮಾಡಲು ಅಪ್ಪಣೆ ಇದೆ? ಇವನ್ನು ಇದೇ ಕ್ರಮದಲ್ಲಿ ಕೇಳಬೇಕು. ಹಿಂದಿನ ಪ್ರಶ್ನೆಗೆ ಉತ್ತರ ಸಿಗುವ ತನಕ ಮುಂದಿನದಕ್ಕೆ ಹೋಗಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು.

ಮೊದಲನೆಯ ಪ್ರಶ್ನೆ: ಹಾದಿ ಇದೆಯೇ?

ಅಕ್ಕನ ಮನೆಯಲ್ಲಿ ನಡುಮನೆಯ ಕಂಪ್ಯೂಟರಿಗೆ ರೂಟರಿನಿಂದ ತಂತಿ ಎಳೆದಿದ್ದಾರೆ. ಲ್ಯಾಪ್‌ಟಾಪಿಗೆ ವೈ-ಫೈ. ಒಂದಕ್ಕೆ ತಂತಿ, ಇನ್ನೊಂದಕ್ಕೆ ಗಾಳಿ ಆದರೂ ಅಡ್ಡಿಯಿಲ್ಲ, ಎರಡೂ ಒಂದೇ ರೂಟರಿಗೆ ಬಂದು ಸೇರಿದರೆ ಸಾಕು. ಸೇರಿವೆಯೇ ಎಂದು ತಿಳಿಯುವುದು ಹೇಗೆ? ಪ್ರತಿಯೊಂದು ಕಂಪ್ಯೂಟರಿನ ವಿಳಾಸವನ್ನು ಕೇಳಬೇಕು.

ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಸ್ಟಾರ್ಟ್ ಒತ್ತಿ, ಇಂಗ್ಲಿಷಿನಲ್ಲಿ ಸಿ, ಎಂ, ಡಿ ಎಂಬ ಮೂರು ಅಕ್ಷರ ಬರೆದು ಎಂಟರ್ ಒತ್ತಿ. ಕಪ್ಪು ಕಿಟಕಿಯೊಂದು ತೆರೆಯುತ್ತದೆ. ಅದರಲ್ಲಿ ಐ, ಪಿ, ಸಿ, ಓ, ಎನ್, ಎಫ್, ಐ, ಜಿ ಎಂದು ಬಿಡದೆ ಬರೆದು ಮತ್ತೆ ಎಂಟರ್ ಒತ್ತಿ. ಬರುವ ಸಾಲುಗಳಲ್ಲಿ ‘ಐಪಿವಿ4 ಅಡ್ರೆಸ್’ ಎಂಬುದನ್ನು ಹುಡುಕಿ. ಸಾಮಾನ್ಯವಾಗಿ 192.168.1.12 ಎಂಬಂಥ ನಾಲ್ಕು ಅಂಕಿಗಳ ವಿಳಾಸ ಇರುತ್ತದೆ. 192.168 ಎಂದು ಆರಂಭವಾಗುವ ವಿಳಾಸಗಳನ್ನು ಮನೆ, ಕಚೇರಿಗಳ ಒಳಜಾಲಕ್ಕೆಂದೇ 1990ರ ದಶಕದಲ್ಲಿ ಮೀಸಲಿಟ್ಟಿದ್ದಾರೆ. ಮನೆಗಳಲ್ಲಿ ಸಾಮಾನ್ಯವಾಗಿ ಮೊದಲ ಮೂರು ಅಂಕಿಗಳು ಬೀದಿಯ ಹೆಸರಿದ್ದಂತೆ, ಕೊನೆಯದು ಮನೆ ನಂಬರ್ ಇದ್ದಂತೆ. ಎರಡು ಕಂಪ್ಯೂಟರ್‌ಗಳಿಗೆ ಬೀದಿ ಒಂದೇ ಇರಬೇಕು, ಮನೆ ನಂಬರ್ ಬೇರೆ ಇರಬೇಕು.

ವಿಳಾಸ 169.254 ಎಂದು ಆರಂಭವಾಗಿದ್ದರೆ, ರೂಟರಿನಿಂದ ಆ ಕಂಪ್ಯೂಟರಿಗೆ ವಿಳಾಸ ಸಿಕ್ಕಿಲ್ಲ, ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಆಗ ತಂತಿ, ವೈ-ಫೈ ಗುಪ್ತಪದ, ರೂಟರಿನ ದೀಪ ಇವನ್ನು ನೋಡಿ.

ನಮ್ಮ ಮನೆಯ ಮೊದಲ ದೋಷ ಇಲ್ಲಿಯೇ ಸಿಕ್ಕಿತು. ನಡುಮನೆಯ ಕಂಪ್ಯೂಟರಿನ ಬೀದಿ 192.168.1, ಲ್ಯಾಪ್‌ಟಾಪಿನದು 192.168.5. ಕೇಳಿದರೆ ಹುಡುಗಿ ‘ಗೆಸ್ಟ್’ ಎಂಬ ವೈ-ಫೈಗೆ ಸೇರಿಕೊಂಡಿದ್ದಳು! ಮನೆಗೆ ಬಂದ ನೆಂಟರು ಇಂಟರ್‌ನೆಟ್ ಬಳಸಲಿ, ಆದರೆ ಮನೆಯ ಕಂಪ್ಯೂಟರ್‌ಗಳನ್ನು ಮುಟ್ಟದಿರಲಿ ಎಂದೇ ಆ ಅತಿಥಿ ಜಾಲವನ್ನು ಬೇರೆ ಇಟ್ಟಿರುತ್ತಾರೆ. ಜಗಲಿಯಲ್ಲಿ ಕೂತವರಿಗೆ ಅಡುಗೆಮನೆ ಕಾಣದಂತೆ ಮಾಡಿದ ಏರ್ಪಾಡು ಅದು. ಅವಳನ್ನು ಮನೆಯವರ ವೈ-ಫೈಗೆ ಸೇರಿಸಿದೆವು. ಬೀದಿ ಒಂದೇ ಆಯಿತು. ಫೋನಿನ ಹಾಟ್‌ಸ್ಪಾಟಿಗೆ ಒಂದು ಕಂಪ್ಯೂಟರ್, ರೂಟರಿಗೆ ಇನ್ನೊಂದು ಸೇರಿದ್ದರೂ ಇದೇ ತೊಂದರೆ ಆಗುತ್ತದೆ.

ಎರಡನೆಯ ಪ್ರಶ್ನೆ: ಕರೆದರೆ ಓಗೊಡುತ್ತದೆಯೇ?

ಹಾದಿ ಇದೆ ಎಂದ ಮಾತ್ರಕ್ಕೆ ಆ ಕಡೆಯವರು ಎಚ್ಚರವಾಗಿದ್ದಾರೆ ಎಂದಲ್ಲ. ಕರೆದು ನೋಡಬೇಕು. ಅದಕ್ಕೆ ‘ಪಿಂಗ್’ ಎಂಬ ಸಣ್ಣ ಸಾಧನವಿದೆ. 1983ರ ಡಿಸೆಂಬರಿನಲ್ಲಿ ಮೈಕ್ ಮೂಸ್ ಎಂಬ ಅಮೆರಿಕದ ತಂತ್ರಜ್ಞರು ಇದನ್ನು ಬರೆದರು. ಜಲಾಂತರ್ಗಾಮಿ ಹಡಗುಗಳನ್ನು ಪತ್ತೆ ಮಾಡುವ ಸೋನಾರ್ ಉಪಕರಣದ ಶಬ್ದವೇ ಅದರ ಹೆಸರಾಯಿತು. ನೀರಿನೊಳಗೆ ಒಂದು ಶಬ್ದ ಕಳಿಸಿ ಪ್ರತಿಧ್ವನಿಗೆ ಕಾಯುವಂತೆ, ಇದು ಒಂದು ಸಣ್ಣ ಸಂದೇಶ ಕಳಿಸಿ ಮರುಸಂದೇಶಕ್ಕೆ ಕಾಯುತ್ತದೆ.

ಕಪ್ಪು ಕಿಟಕಿಯಲ್ಲಿ ಪಿ, ಐ, ಎನ್, ಜಿ ಎಂದು ಬರೆದು, ಒಂದು ಜಾಗ ಬಿಟ್ಟು, ವಿಳಾಸ ಬರೆಯಿರಿ. ಮೊದಲು ರೂಟರಿನ ವಿಳಾಸಕ್ಕೇ ಕಳಿಸಿ. ಹಿಂದಿನ ಆದೇಶದ ಉತ್ತರದಲ್ಲಿ ‘ಡೀಫಾಲ್ಟ್ ಗೇಟ್‌ವೇ’ ಎಂಬ ಸಾಲಿನಲ್ಲಿ ಅದು ಇರುತ್ತದೆ. ರೂಟರ್ ಉತ್ತರಿಸಿದರೆ ನಿಮ್ಮ ಕಂಪ್ಯೂಟರಿನಿಂದ ರೂಟರಿನ ತನಕ ಹಾದಿ ಸರಿಯಿದೆ. ಆಮೇಲೆ ಇನ್ನೊಂದು ಕಂಪ್ಯೂಟರಿಗೆ ಕಳಿಸಿ. ಅದರಿಂದ ಉತ್ತರ ಬಂದರೆ ಸಂತೋಷ.

ಬರದಿದ್ದರೆ? ಇಲ್ಲಿ ಅವಸರದ ತೀರ್ಮಾನ ಬೇಡ. ಉತ್ತರ ಬಾರದಿರಲು ಎರಡು ಕಾರಣಗಳಿರಬಹುದು. ಒಂದು, ಆ ಕಂಪ್ಯೂಟರ್ ನಿದ್ದೆ ಹೋಗಿರಬಹುದು. ಕೆಲಸವಿಲ್ಲದೆ ಬಿಟ್ಟ ಕಂಪ್ಯೂಟರ್ ಸ್ವಲ್ಪ ಹೊತ್ತಿನ ನಂತರ ‘ಸ್ಲೀಪ್’ ಸ್ಥಿತಿಗೆ ಹೋಗುತ್ತದೆ. ಎರಡು, ಅದು ಎಚ್ಚರವಾಗಿಯೇ ಇದ್ದು, ಅಪರಿಚಿತರ ಕರೆಗೆ ಓಗೊಡಬಾರದು ಎಂದು ಅದರ ರಕ್ಷಣೆಯ ಗೋಡೆ ತಡೆಯುತ್ತಿರಬಹುದು. ನಮ್ಮ ಮನೆಯಲ್ಲಿ ರೂಟರ್ ಉತ್ತರಿಸಿತು, ನಡುಮನೆಯ ಕಂಪ್ಯೂಟರ್ ಎದುರಿಗೇ ಎಚ್ಚರವಾಗಿದ್ದರೂ ಉತ್ತರಿಸಲಿಲ್ಲ. ಅಂದರೆ ದೋಷ ಗೋಡೆಯಲ್ಲಿದೆ ಎಂದಾಯಿತು. ಊಹೆಯಿಂದಲ್ಲ, ಉಳಿದ ಸಾಧ್ಯತೆಗಳನ್ನು ತೆಗೆದುಹಾಕಿ ಈ ಮಾತಿಗೆ ಬಂದೆವು ಎಂಬುದನ್ನು ಗಮನಿಸಿ.

ಮೂರನೆಯ ಪ್ರಶ್ನೆ: ಬಾಗಿಲು ತೆರೆದಿದೆಯೇ?

ಈ ಹೊತ್ತಿಗೆ ಪಕ್ಕದ ಮನೆಯ ಹುಡುಗನೊಬ್ಬ ಬಂದು, “ಫೈರ್‌ವಾಲ್ ಆಫ್ ಮಾಡಿಬಿಡಿ ಅಂಕಲ್, ಎಲ್ಲಾ ಸರಿಹೋಗುತ್ತೆ” ಎಂದ. ಫೈರ್‌ವಾಲ್ ಎಂದರೆ ನಾನು ಮೇಲೆ ಹೇಳಿದ ರಕ್ಷಣೆಯ ಗೋಡೆ. ಅವನು ಹೇಳಿದ್ದು ಸುಳ್ಳಲ್ಲ. ಗೋಡೆ ಕೆಡವಿದರೆ ಒಳಗೆ ಹೋಗಬಹುದು. ಆದರೆ ನೀವು ಮಾತ್ರವಲ್ಲ, ಯಾರು ಬೇಕಾದರೂ ಹೋಗಬಹುದು.

ಇದು ಬರೀ ಹೆದರಿಕೆಯ ಮಾತಲ್ಲ. ವಿಂಡೋಸ್ ಕಂಪ್ಯೂಟರ್‌ಗಳು ಕಡತ ಹಂಚಿಕೊಳ್ಳಲು ‘ಎಸ್‌ಎಂಬಿ’ ಎಂಬ ಸಂವಹನ ನಿಯಮವನ್ನು ಬಳಸುತ್ತವೆ. 1980ರ ದಶಕದಲ್ಲಿ ಐಬಿಎಂ ಸಂಸ್ಥೆಯಲ್ಲಿ ಹುಟ್ಟಿದ ನಿಯಮ ಇದು. ಇದರ ವ್ಯವಹಾರ ನಡೆಯುವುದು 445 ಎಂಬ ಸಂಖ್ಯೆಯ ಬಾಗಿಲಿನಲ್ಲಿ. ಇದರ ಮೊದಲ ಆವೃತ್ತಿಯನ್ನು ವಿಂಡೋಸ್ ನಿರ್ವಹಿಸುತ್ತಿದ್ದ ರೀತಿಯಲ್ಲಿ ಒಂದು ದೋಷವಿತ್ತು. ಮೈಕ್ರೋಸಾಫ್ಟ್ ಸಂಸ್ಥೆ 2017ರ ಮಾರ್ಚ್ 14ರಂದು ಅದಕ್ಕೆ ತೇಪೆ ಬಿಡುಗಡೆ ಮಾಡಿತು. ತೇಪೆ ಹಾಕಿಕೊಳ್ಳದವರು ಜಗತ್ತಿನ ತುಂಬ ಇದ್ದರು. ಅದೇ ವರ್ಷ ಮೇ 12ರಂದು ‘ವಾನಾಕ್ರೈ’ ಎಂಬ ಪಿಡುಗು ಇದೇ ಬಾಗಿಲಿನಿಂದ ನುಗ್ಗಿ, ಒಂದು ಕಂಪ್ಯೂಟರಿನಿಂದ ಮತ್ತೊಂದಕ್ಕೆ ತಾನೇ ಹರಡಿತು. ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮೀರಿದ ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಬಿತ್ತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸು ಕಳಿಸುವ ಪರಿಸ್ಥಿತಿ ಬಂತು. ಆದ್ದರಿಂದಲೇ ಹಳೆಯ ಎಸ್‌ಎಂಬಿ 1 ಅನ್ನು ಹೊಸ ವಿಂಡೋಸ್ ತಾನಾಗಿ ಅಳವಡಿಸುವುದಿಲ್ಲ. ‘ಎಸ್‌ಎಂಬಿ 1 ಹಾಕಿಕೊಂಡರೆ ಸರಿಹೋಗುತ್ತದೆ’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ನಿಮ್ಮ ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಎಕ್ಸ್‌ಪಿ ಇದ್ದು, ಅದಕ್ಕೆ ಬೇರೆ ದಾರಿಯೇ ಇಲ್ಲವಾದರೆ, ಕಡತಗಳನ್ನು ಪೆನ್‌ಡ್ರೈವಿನಲ್ಲಿ ಒಮ್ಮೆ ತೆಗೆದುಕೊಂಡು ಅದಕ್ಕೆ ವಿಶ್ರಾಂತಿ ಕೊಡುವುದೇ ಲೇಸು.

ಹಾಗಾದರೆ ಏನು ಮಾಡಬೇಕು? ಗೋಡೆ ಹಾಗೆಯೇ ಇರಲಿ, ಮನೆಯವರಿಗೆ ಬೇಕಾದ ಬಾಗಿಲನ್ನಷ್ಟೇ ತೆರೆಯಬೇಕು. ಹೊಸ ಜಾಲಕ್ಕೆ ಸೇರಿದಾಗ ವಿಂಡೋಸ್ ಅದನ್ನು ‘ಪಬ್ಲಿಕ್’ ಅಥವಾ ‘ಪ್ರೈವೇಟ್’ ಎಂದು ಗುರುತಿಸಿಕೊಳ್ಳುತ್ತದೆ. ಪಬ್ಲಿಕ್ ಎಂದರೆ ರೈಲ್ವೆ ನಿಲ್ದಾಣ, ಹೋಟೆಲುಗಳಂಥ ಜಾಗ. ಅಲ್ಲಿ ಬಾಗಿಲು ಮುಚ್ಚಿರುತ್ತದೆ. ಪ್ರೈವೇಟ್ ಎಂದರೆ ಮನೆ. ಸೆಟ್ಟಿಂಗ್ಸ್ ತೆರೆದು, ನೆಟ್‌ವರ್ಕ್ ಅಂಡ್ ಇಂಟರ್‌ನೆಟ್ ವಿಭಾಗದಲ್ಲಿ ನಿಮ್ಮ ಸಂಪರ್ಕದ ಪ್ರಾಪರ್ಟೀಸ್ ಒತ್ತಿದರೆ ಇದು ಕಾಣುತ್ತದೆ. ನಡುಮನೆಯ ಕಂಪ್ಯೂಟರಿನಲ್ಲಿ ಪಬ್ಲಿಕ್ ಎಂದಿತ್ತು, ಪ್ರೈವೇಟ್ ಎಂದು ಬದಲಿಸಿದೆವು. ಆಮೇಲೆ ಅಡ್ವಾನ್ಸ್‌ಡ್ ಶೇರಿಂಗ್ ಸೆಟ್ಟಿಂಗ್ಸ್‌ನಲ್ಲಿ, ಪ್ರೈವೇಟ್ ಜಾಲಕ್ಕೆ ಮಾತ್ರ, ‘ನೆಟ್‌ವರ್ಕ್ ಡಿಸ್ಕವರಿ’ ಮತ್ತು ‘ಫೈಲ್ ಅಂಡ್ ಪ್ರಿಂಟರ್ ಶೇರಿಂಗ್’ ಎರಡನ್ನೂ ಆನ್ ಮಾಡಿದೆವು. ಈಗ ಪಿಂಗ್ ಕಳಿಸಿದರೆ ಉತ್ತರ ಬಂತು. ಎರಡನೆಯ ದೋಷ ಮುಗಿಯಿತು.

ಇಲ್ಲೊಂದು ಸಣ್ಣ ಸೂಚನೆ. ಲ್ಯಾಪ್‌ಟಾಪಿನ ‘ನೆಟ್‌ವರ್ಕ್’ ಕಿಟಕಿಯಲ್ಲಿ ಇನ್ನೊಂದು ಕಂಪ್ಯೂಟರಿನ ಚಿತ್ರ ಕಾಣದಿದ್ದರೆ ಗಾಬರಿಯಾಗಬೇಡಿ. ಹೆಸರುಗಳ ಪಟ್ಟಿ ತಯಾರಿಸುವುದೇ ಬೇರೆ ಕೆಲಸ, ಕಡತ ಕೊಡುವುದೇ ಬೇರೆ ಕೆಲಸ. ಫೋನ್ ಪುಸ್ತಕದಲ್ಲಿ ಹೆಸರಿಲ್ಲದಿದ್ದರೂ ನಂಬರ್ ಗೊತ್ತಿದ್ದರೆ ಮಾತಾಡಬಹುದಲ್ಲವೇ? ಹಾಗೆಯೇ ಫೈಲ್ ಎಕ್ಸ್‌ಪ್ಲೋರರಿನ ವಿಳಾಸದ ಪಟ್ಟಿಯಲ್ಲಿ ಎಡಕ್ಕೆ ವಾಲಿದ ಎರಡು ಗೀರು ಹಾಕಿ, ಮುಂದೆ ಆ ಕಂಪ್ಯೂಟರಿನ ವಿಳಾಸ ಬರೆದು ಎಂಟರ್ ಒತ್ತಿ: \\192.168.1.12 ಎಂದು. ಚಿತ್ರ ಕಾಣದಿದ್ದರೂ ಇದರಿಂದ ಬಾಗಿಲು ಸಿಗುತ್ತದೆ.

ನಾಲ್ಕನೆಯ ಪ್ರಶ್ನೆ: ಬಂದವರು ಯಾರು?

ಬಾಗಿಲು ಸಿಕ್ಕಿತು. ಈಗ ಹೆಸರು, ಗುಪ್ತಪದ ಕೇಳುವ ಪೆಟ್ಟಿಗೆ ಬಂತು. ಹುಡುಗಿ ತನ್ನ ಲ್ಯಾಪ್‌ಟಾಪಿನ ಹೆಸರು, ಗುಪ್ತಪದ ಕೊಟ್ಟಳು. ಒಪ್ಪಲಿಲ್ಲ. ಅಪ್ಪನ ಕಂಪ್ಯೂಟರಿನ ನಾಲ್ಕು ಅಂಕಿಯ ಪಿನ್ ಕೊಟ್ಟಳು. ಅದನ್ನೂ ಒಪ್ಪಲಿಲ್ಲ. ಬಹುಪಾಲು ಜನ ಕೈಬಿಡುವುದು ಈ ಹಂತದಲ್ಲೇ. ಇಲ್ಲಿ ಮೂರು ಸಂಗತಿಗಳನ್ನು ನೆನಪಿಡಿ.

ಒಂದು: ಕೇಳುತ್ತಿರುವುದು ಕಡತ ಇರುವ ಕಂಪ್ಯೂಟರಿನ ಹೆಸರು ಮತ್ತು ಗುಪ್ತಪದ. ನೀವು ಕೂತಿರುವ ಕಂಪ್ಯೂಟರಿನದಲ್ಲ. ನೆಂಟರ ಮನೆಗೆ ನಿಮ್ಮ ಮನೆಯ ಬೀಗದ ಕೈ ಹೊಂದುವುದಿಲ್ಲ.

ಎರಡು: ಪಿನ್ ಎಂಬುದು ಆ ಯಂತ್ರದ ಮುಂದೆ ಕೂತವರಿಗೆ ಮಾತ್ರ. ಜಾಲದ ಮೂಲಕ ಬಂದವರಿಗೆ ಅದು ನಡೆಯುವುದಿಲ್ಲ, ನಿಜವಾದ ಗುಪ್ತಪದವೇ ಬೇಕು.

ಮೂರು: ಗುಪ್ತಪದವೇ ಇಲ್ಲದ ಖಾತೆಯಿಂದ ಜಾಲದ ಮೂಲಕ ಒಳಗೆ ಬರಲು ವಿಂಡೋಸ್ ಸಾಮಾನ್ಯವಾಗಿ ಬಿಡುವುದಿಲ್ಲ. ‘ನಮ್ಮ ಕಂಪ್ಯೂಟರಿಗೆ ಪಾಸ್‌ವರ್ಡೇ ಇಲ್ಲ, ಮತ್ತೇಕೆ ಕೇಳುತ್ತದೆ?’ ಎಂದು ಅಚ್ಚರಿಪಡುವವರಿಗೆ ಇದೇ ಉತ್ತರ.

ನಾವು ಮಾಡಿದ ಉಪಾಯ ಸರಳವಾದದ್ದು. ನಡುಮನೆಯ ಕಂಪ್ಯೂಟರಿನಲ್ಲಿ ಮಳೆ ಲೆಕ್ಕಕ್ಕೆಂದೇ ಒಂದು ಬೇರೆ ಖಾತೆ ತೆರೆದೆವು. ಅದಕ್ಕೊಂದು ಗುಪ್ತಪದ ಇಟ್ಟೆವು. ಅದರಿಂದ ಭಾವನವರ ಸ್ವಂತ ಗುಪ್ತಪದವನ್ನು ಮಗಳಿಗೂ ಹೇಳಬೇಕಾಗಲಿಲ್ಲ. ‘ಪಾಸ್‌ವರ್ಡ್ ಕೇಳುವುದನ್ನೇ ನಿಲ್ಲಿಸಿ’ ಎಂಬ ಸಲಹೆಯನ್ನೂ ನೀವು ಕೇಳಿರಬಹುದು. ಅದು ಮತ್ತೆ ಗೋಡೆ ಕೆಡವುವ ಸಲಹೆಯೇ. 2024ರಲ್ಲಿ ಬಂದ ವಿಂಡೋಸ್ 11ರ ಪ್ರೊ ಆವೃತ್ತಿಯಂತೂ ಗುಪ್ತಪದವಿಲ್ಲದ ಅತಿಥಿಯಾಗಿ ಬೇರೆ ಕಂಪ್ಯೂಟರಿಗೆ ಹೋಗಲು ತಾನಾಗಿ ಒಪ್ಪುವುದಿಲ್ಲ.

ಐದನೆಯ ಪ್ರಶ್ನೆ: ಏನು ಮಾಡಲು ಅಪ್ಪಣೆ?

ಕಡೆಗೂ ಕಡತ ತೆರೆಯಿತು. 2004ರ ಮೊದಲ ಮಳೆಯಿಂದ ಎಲ್ಲವೂ ಲ್ಯಾಪ್‌ಟಾಪಿನ ಪರದೆಯ ಮೇಲೆ ಬಂತು. ಹುಡುಗಿ ಒಂದು ಅಂಕಿ ತಿದ್ದಿ ‘ಸೇವ್’ ಒತ್ತಿದಳು. ‘ಅನುಮತಿ ಇಲ್ಲ’ ಎಂಬ ಉತ್ತರ!

ವಿಂಡೋಸ್‌ನಲ್ಲಿ ಹಂಚಿಕೊಂಡ ಕಡತಕೋಶಕ್ಕೆ, ಅಂದರೆ ಫೋಲ್ಡರಿಗೆ, ಎರಡು ಕಾವಲುಗಳಿವೆ. ಮೊದಲನೆಯದು ಹಂಚಿಕೆಯ ಅಪ್ಪಣೆ. ಜಾಲದಿಂದ ಬಂದವರನ್ನು ತಡೆದು ಕೇಳುವ ಹೆಬ್ಬಾಗಿಲಿನ ಕಾವಲುಗಾರ. ಎರಡನೆಯದು ಡಿಸ್ಕಿನ ಮೇಲಿನ ಅಪ್ಪಣೆ. ಕೋಣೆಯ ಬಾಗಿಲಿನ ಕಾವಲುಗಾರ. ಪ್ರಾಪರ್ಟೀಸ್ ತೆರೆದರೆ ‘ಶೇರಿಂಗ್’ ಮತ್ತು ‘ಸೆಕ್ಯುರಿಟಿ’ ಎಂಬ ಎರಡು ಹಾಳೆಗಳಲ್ಲಿ ಇವು ಕಾಣುತ್ತವೆ. ಎರಡರಲ್ಲಿ ಯಾರು ಹೆಚ್ಚು ಬಿಗಿಯೋ ಅವರ ಮಾತೇ ನಡೆಯುತ್ತದೆ. ‘ಅಡ್ವಾನ್ಸ್‌ಡ್ ಶೇರಿಂಗ್’ ಮೂಲಕ ಹಂಚಿದಾಗ ಹೆಬ್ಬಾಗಿಲಿನಲ್ಲಿ ತಾನಾಗಿ ಸಿಗುವುದು ಎಲ್ಲರಿಗೂ ಓದುವ ಅಪ್ಪಣೆ ಮಾತ್ರ. ನಾವು ‘ಎಲ್ಲರೂ’ ಎಂಬುದನ್ನು ತೆಗೆದು, ಹೊಸ ಖಾತೆಯೊಂದಕ್ಕೆ ಮಾತ್ರ ಓದುವ ಮತ್ತು ಬದಲಿಸುವ ಅಪ್ಪಣೆಯನ್ನು ಎರಡೂ ಕಡೆ ಕೊಟ್ಟೆವು. ಹಂಚಿದ್ದು ಕೂಡ ಮಳೆ ಲೆಕ್ಕದ ಒಂದು ಫೋಲ್ಡರನ್ನು ಮಾತ್ರ, ಇಡೀ ಡಿಸ್ಕನ್ನಲ್ಲ. ಸೇವ್ ಆಯಿತು.

ಮೂಲ ತೊಂದರೆಗೆ ಉತ್ತರ ಸಿಕ್ಕಿದ್ದು ಆಗಲೇ. ಭಾವ ಕಡತವನ್ನು ತೆರೆದಿಟ್ಟುಕೊಂಡಿದ್ದಾಗ ಮಗಳು ತೆರೆಯಲು ಹೋದರೆ, ಎಕ್ಸೆಲ್ ‘ಇದನ್ನು ಬೇರೆಯವರು ಬಳಸುತ್ತಿದ್ದಾರೆ, ಈಗ ಓದಬಹುದು ಅಷ್ಟೇ’ ಎಂದು ಎಚ್ಚರಿಸಿತು. ಒಬ್ಬರ ಬರಹದ ಮೇಲೆ ಇನ್ನೊಬ್ಬರು ಬರೆಯದಂತೆ ತಡೆಯುವ ಬೀಗ ಇದು. ಪೆನ್‌ಡ್ರೈವಿನಲ್ಲಿ ಓಡಾಡುವ ಎರಡು ಪ್ರತಿಗಳಿಗೆ ಈ ಬೀಗ ಸಿಗುವುದಿಲ್ಲ. ಆದರೆ ಎಚ್ಚರಿಕೆ ಬಂದಾಗ ಬೇರೆ ಹೆಸರಿನಲ್ಲಿ ಸೇವ್ ಮಾಡಿದಿರೋ, ಮತ್ತೆ ಎರಡು ಪ್ರತಿ ಹುಟ್ಟಿದವು ಎಂದೇ ತಿಳಿಯಿರಿ.

ಜಾಲದ್ದಲ್ಲದ ದೋಷ

ಅದೇ ಫೋಲ್ಡರಿನಲ್ಲಿ ಭಾವ ಹಿಂದೆ ನುಡಿಯಲ್ಲಿ ಬರೆದಿಟ್ಟ ಟಿಪ್ಪಣಿಗಳಿದ್ದವು. ಅವನ್ನು ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಂಡಿತು. “ದಾರೀಲೇ ಕೆಟ್ಟುಹೋಯ್ತೇನೋ” ಎಂದು ಭಾವ ಕಳವಳಗೊಂಡರು. ಕೆಟ್ಟಿರಲಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿಗೆ ಕಾಣುವುದು ಕೆಳಗಿನ ಇಂಗ್ಲಿಷ್ ಮಾತ್ರ. ಅಕ್ಷರಶೈಲಿಯನ್ನು ಲ್ಯಾಪ್‌ಟಾಪಿಗೂ ಹಾಕಿ, ಇಲ್ಲವೇ ಬರಹವನ್ನು ಯೂನಿಕೋಡಿಗೆ ಪರಿವರ್ತಿಸಿ. ‘ಕಡತ ಬರಲಿಲ್ಲ’ ಮತ್ತು ‘ಬಂದ ಕಡತ ಓದಲಾಗಲಿಲ್ಲ’ ಎಂಬ ಎರಡು ಮಾತುಗಳ ನಡುವಿನ ವ್ಯತ್ಯಾಸ ತಿಳಿದರೆ ಅರ್ಧ ದಿನದ ಶ್ರಮ ಉಳಿಯುತ್ತದೆ.

ಮರುದಿನ ಬೆಳಿಗ್ಗೆ

ಸೋಮವಾರ ಬೆಳಿಗ್ಗೆ ಮತ್ತೆ ಕಡತ ಮಾಯ! ಹುಡುಗಿ ಈ ಸಲ ನನ್ನನ್ನು ಕರೆಯಲಿಲ್ಲ. ತಾನೇ ಮೊದಲ ಪ್ರಶ್ನೆಯಿಂದ ಆರಂಭಿಸಿದಳು. ರಾತ್ರಿ ಕರೆಂಟು ಹೋಗಿ ಬಂದಿತ್ತು. ರೂಟರ್ ಮತ್ತೆ ಎದ್ದಾಗ ನಡುಮನೆಯ ಕಂಪ್ಯೂಟರಿಗೆ 12ರ ಬದಲು 15ನೆಯ ಮನೆ ನಂಬರ್ ಕೊಟ್ಟಿತ್ತು. ವಿಳಾಸ ಹೀಗೆ ಬದಲಾಗಬಾರದೆಂದರೆ ರೂಟರಿನ ಸೆಟ್ಟಿಂಗಿನಲ್ಲಿ ಆ ಕಂಪ್ಯೂಟರಿಗೆ ಒಂದು ವಿಳಾಸವನ್ನು ಕಾಯ್ದಿರಿಸಬಹುದು, ಅಥವಾ ಅಂಕಿಯ ಬದಲು ಕಂಪ್ಯೂಟರಿನ ಹೆಸರನ್ನೇ ಬಳಸಬಹುದು. ಹುಡುಗಿ ಐದು ನಿಮಿಷದಲ್ಲಿ ದೋಷ ಹಿಡಿದಳು. ಹಿಂದಿನ ದಿನ ಇದೇ ಮನೆಯಲ್ಲಿ ಅರ್ಧ ಭಾನುವಾರ ಕಳೆದಿತ್ತು.

ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಭೌತಶಾಸ್ತ್ರದ ಅಧ್ಯಾಪಕರು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದವರು. ಪ್ರಶ್ನೆ ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸಲು 2005ರಲ್ಲಿ ತೀರಿಕೊಳ್ಳುವ ತನಕ ದುಡಿದರು. ಪವಾಡಗಳನ್ನು ಪರೀಕ್ಷಿಸಲು ಮಾತ್ರವಲ್ಲ, ಮನೆಯ ಕಂಪ್ಯೂಟರ್ ರಿಪೇರಿಗೂ ಆ ಅಭ್ಯಾಸ ಬೇಕು. ‘ಆಫ್ ಮಾಡಿಬಿಡಿ, ಸರಿಹೋಗುತ್ತೆ’ ಎಂಬ ಮಾತು ಕೇಳಿದಾಗ ‘ಏಕೆ ಸರಿಹೋಗುತ್ತದೆ?’ ಎಂದು ಕೇಳುವುದೂ ವಿಜ್ಞಾನವೇ.

ಕೊನೆಯದಾಗಿ ಒಂದು ಮಾತು. ಹಂಚಿಕೊಂಡ ಕಡತ ಎಂದರೆ ಸುರಕ್ಷಿತವಾದ ಕಡತ ಎಂದಲ್ಲ. ಕಡತ ಇರುವುದು ಒಂದೇ ಕಡೆ. ಅಲ್ಲಿ ಅಳಿದರೆ ಇಬ್ಬರಿಗೂ ಅಳಿಯಿತು. ಜಾಲದ ಮೂಲಕ ಅಳಿಸಿದ ಕಡತ ಸಾಮಾನ್ಯವಾಗಿ ‘ರೀಸೈಕಲ್ ಬಿನ್’ಗೂ ಹೋಗುವುದಿಲ್ಲ, ನೇರವಾಗಿ ಹೋಗಿಬಿಡುತ್ತದೆ. ಆದ್ದರಿಂದ ಪ್ರತಿ ವಾರ ಒಂದು ಪ್ರತಿಯನ್ನು, ಹೆಸರಿನ ಜೊತೆ ದಿನಾಂಕ ಬರೆದು, ಬೇರೆ ಕಡೆ ಇಡಿ. ಆ ಪ್ರತಿಯಲ್ಲಿ ಯಾರೂ ತಿದ್ದಬಾರದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಹಳೆಯ ಕಂಪ್ಯೂಟರಿನಲ್ಲಿ ಅದೇ ಇದ್ದರೆ, ಬಾಗಿಲುಗಳ ವಿಷಯದಲ್ಲಿ ಇನ್ನಷ್ಟು ಎಚ್ಚರಿಕೆ ಇರಲಿ.

ಈಗ ಭಾವ ಬೆಳಿಗ್ಗೆ 8.30ಕ್ಕೆ ತಾರಸಿಯಿಂದ ಇಳಿದು ಬಂದು ಅಂಕಿ ಬರೆಯುತ್ತಾರೆ. ಮಗಳು ಸಂಜೆ ಒಳಕೋಣೆಯಲ್ಲಿ ಅದೇ ಕಡತವನ್ನು ತೆರೆದು ನಕ್ಷೆ ಬಿಡಿಸುತ್ತಾಳೆ. ನೋಟ್‌ಬುಕ್ಕಿನಲ್ಲಿ ಬರೆಯುವುದನ್ನು ಮಾತ್ರ ಭಾವ ನಿಲ್ಲಿಸಿಲ್ಲ. ನಿಲ್ಲಿಸಿ ಎಂದು ನಾನೂ ಹೇಳಿಲ್ಲ.